ತೋಟದ ಮನೆಗೆ ನೀರು ನುಗ್ಗಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಣಸೂರು, ಎಚ್.ಡಿ. ಕೋಟೆ, ನಂಜನಗೂಡು, ಶ್ರೀರಂಗಪಟ್ಟಣ, ಮಳವಳ್ಳಿ ಕಡೆ ಮರಗಳ ನಡುವೆ ಮನೆ ಕಟ್ಟಿಕೊಂಡವರು ಫೋನಿನಲ್ಲಿ, ಪತ್ರದಲ್ಲಿ, ಮದುವೆಮನೆ ಪಂಕ್ತಿಯಲ್ಲಿ ಕೂತಾಗಲೂ ಕೇಳುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ಮನೆಯೊಳಗೆ ಈಗಲೇ ನೀರು ನಿಂತಿದ್ದರೆ ಮೊದಲ ಭಾಗ ಮಾತ್ರ ಓದಿ ಕೆಲಸಕ್ಕೆ ಇಳಿಯಿರಿ. ಉಳಿದದ್ದನ್ನು ನೆಲ ಒಣಗಿದ ಮೇಲೆ ಓದಿದರೂ ನಡೆಯುತ್ತದೆ.

## ಮೊದಲ ದಿನ

ಮನೆಯೊಳಗೆ ಮೊಣಕಾಲುದ್ದ ನೀರಿದೆ ಸಾರ್. ಮೊದಲು ಏನು ಮಾಡ್ಲಿ?

ಕರೆಂಟು ತೆಗೆಯುವ ತನಕ ಒಳಗೆ ಕಾಲಿಡಬೇಡಿ. ಒಣ ನೆಲದ ಮೇಲೆ ನಿಂತೇ ಮೇನ್ ಸ್ವಿಚ್ ಕೈಗೆಟುಕಿದರೆ ಇಳಿಸಿ. ಬೋರ್ಡ್ ಮುಟ್ಟಲು ನೀರಿನಲ್ಲಿ ನಿಲ್ಲಬೇಕಾದರೆ ಮುಟ್ಟಲೇಬೇಡಿ. ನಮ್ಮ ಕಡೆ ಕರೆಂಟು ಕೊಡುವ ಕಂಪನಿ ಸೆಸ್ಕ್‌ನ 1912ಕ್ಕೆ ಫೋನ್ ಮಾಡಿ ಕಂಬದಲ್ಲೇ ಸಂಪರ್ಕ ತೆಗೆಸಿ.

ತೋಟದ ಮನೆಯಲ್ಲಿ ಇಷ್ಟಕ್ಕೇ ಮುಗಿಯುವುದಿಲ್ಲ. ಯುಪಿಎಸ್ ಇದ್ದರೆ ಕಂಬದಲ್ಲಿ ತೆಗೆದರೂ ಬ್ಯಾಟರಿಯಿಂದ ವೈರಿಂಗಿಗೆ ಕರೆಂಟು ಹರಿಯುತ್ತಲೇ ಇರುತ್ತದೆ. ಪಂಪ್‌ಸೆಟ್ಟಿನದು ಬೇರೆಯೇ ಸಂಪರ್ಕ, ಅದನ್ನೂ ತೆಗೆಯಬೇಕು. ಬೇಲಿಗೆ ಸೋಲಾರ್ ಕರೆಂಟು ಬಿಟ್ಟಿದ್ದರೆ ಅದನ್ನು ಎಲ್ಲರೂ ಮರೆಯುತ್ತಾರೆ. ಆಮೇಲೆ ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ. ಕೊಟ್ಟಿಗೆಯಲ್ಲಿ ದನ ಕಟ್ಟಿದ್ದರೆ ಹಗ್ಗ ಬಿಚ್ಚಿಬಿಡಿ, ಅವು ಎತ್ತರದ ಜಾಗವನ್ನು ತಾವೇ ಹುಡುಕಿಕೊಳ್ಳುತ್ತವೆ.

ಮೊದಲು ಫೋಟೊ ತೆಗೀಬೇಕಾ, ನೀರು ಆಚೆ ಹಾಕಬೇಕಾ?

ಮೊದಲು ಫೋಟೊ. ಐದು ನಿಮಿಷದ ಕೆಲಸ. ನೀರು ಯಾವ ಮಟ್ಟದವರೆಗೆ ನಿಂತಿತ್ತು ಎಂದು ಪ್ರತಿ ಕೋಣೆಯ ಗೋಡೆಯ ಮೇಲೂ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಪರಿಹಾರಕ್ಕೂ ವಿಮೆಗೂ ಅದು ಬೇಕು. ಆರು ತಿಂಗಳ ನಂತರ ಗೋಡೆ ಎಲ್ಲಿವರೆಗೆ ಥಂಡಿ ಹಿಡಿದಿದೆ ಎಂದು ಹೋಲಿಸಿ ನೋಡಲೂ ಅದೇ ಗೆರೆ ಬೇಕು.

ಯಾವ ನೀರಾದ್ರೂ ನೀರೇ ಅಲ್ವಾ? ಒರೆಸಿದ್ರೆ ಆಯ್ತು.

ಅಲ್ಲ. ಸಂಪು ತುಂಬಿ ಹರಿದದ್ದು, ಪೈಪ್ ಒಡೆದದ್ದು, ಹೆಂಚಿನಿಂದ ಸೋರಿದ್ದು ಹೆಚ್ಚುಕಡಿಮೆ ಶುದ್ಧ ನೀರು. ಒರೆಸಿ ಒಣಗಿಸಿದರೆ ಸಾಕು. ಆದರೆ ಅದೂ ಎರಡು ಮೂರು ದಿನ ನಿಂತರೆ ಕೊಳೆನೀರೇ. ಕಾಲುವೆ ನೀರಿನಲ್ಲಿ ಗದ್ದೆಗೆ ಹಾಕಿದ ಗೊಬ್ಬರ, ಔಷಧಿ ಇರುತ್ತದೆ. ಹೊಳೆ ಉಕ್ಕಿ ಬಂದ ನೀರಿಗೆ ದಾರಿಯಲ್ಲಿನ ತಿಪ್ಪೆ, ಕಕ್ಕಸುಗುಂಡಿ, ಸತ್ತ ಪ್ರಾಣಿ ಎಲ್ಲವೂ ಸೇರಿರುತ್ತವೆ. ಅದು ಮುಟ್ಟಿದ ಅಕ್ಕಿ, ರಾಗಿಹಿಟ್ಟು, ಹತ್ತಿಹಾಸಿಗೆ, ದಿಂಬು ಯಾವುದನ್ನೂ ಇಟ್ಟುಕೊಳ್ಳಬೇಡಿ. ಚೀಲದ ಮೇಲ್ಭಾಗದ ಧಾನ್ಯ ಒಣಗಿದೆ ಎಂದು ಅಜ್ಜಿಯಂದಿರು ವಾದ ಮಾಡುತ್ತಾರೆ. ಅಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು.

ಇಂಥ ನೀರಿನಲ್ಲಿ ಕೆಲಸ ಮಾಡುವವರು ಗಂಬೂಟು, ರಬ್ಬರ್ ಗ್ಲೌಸ್ ಹಾಕಿಕೊಳ್ಳಲಿ. ಇಲಿಜ್ವರ ಹರಡುವುದು ಇಲಿಯ ಮೂತ್ರ ಬೆರೆತ ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ, ‘ಮನೆಗೆ ಹೊಳೆ ನೀರು ಬಂದಿತ್ತು’ ಎಂದು ಡಾಕ್ಟರಿಗೆ ನೀವಾಗಿಯೇ ಹೇಳಿ.

ಹಾವು ಗೀವು ಸೇರ್ಕೊಂಡಿರುತ್ತಾ?

ಸೇರಿಕೊಂಡಿರುತ್ತದೆ ಎಂದುಕೊಂಡೇ ಒಳಗೆ ಹೋಗಿ. ಬಿಲಕ್ಕೆ ನೀರು ತುಂಬಿದಾಗ ಹಾವು, ಚೇಳು, ಮಂಡರಗಪ್ಪೆ ಎಲ್ಲವೂ ಒಣ ಜಾಗಕ್ಕೆ ಬರುತ್ತವೆ. ಅಟ್ಟ, ಸೌದೆ ರಾಶಿ, ಶೂ, ವಾಷಿಂಗ್ ಮಷೀನಿನ ಹಿಂಬದಿ ಇವೆಲ್ಲ ಅವುಗಳ ಜಾಗ. ಕೋಲಿನಿಂದ ಸದ್ದು ಮಾಡಿ, ಟಾರ್ಚ್ ಬಿಟ್ಟು ನೋಡಿ, ಆಮೇಲೆ ಕೈ ಹಾಕಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು ಬೇಡ. ಆ ಕೈಯೋ ಕಾಲೋ ಅಲುಗದಂತೆ ಇಟ್ಟು ನೇರ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಹತ್ರ ಡೀಸೆಲ್ ಪಂಪ್‌ಸೆಟ್ ಇದೆ. ಅದನ್ನೇ ಇಟ್ಟು ಎಳೆದುಬಿಡ್ಲಾ?

ಎಳೆಯಿರಿ, ಆದರೆ ಎಂಜಿನ್ ಹೊರಗಿರಲಿ, ಪೈಪ್ ಮಾತ್ರ ಒಳಗೆ ಬರಲಿ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ವರಾಂಡದಲ್ಲಿ ಇಟ್ಟರೂ ಅಪಾಯವೇ. ನೀರನ್ನು ಮನೆಗಿಂತ ತಗ್ಗಿಗೆ, ಬಾವಿಯಿಂದ ದೂರಕ್ಕೆ ಬಿಡಿ.

ಇನ್ನೊಂದು ಮಾತು: ಸಂಪನ್ನು ಪೂರ್ತಿ ಬರಿದು ಮಾಡಬೇಡಿ. ಸುತ್ತಲ ಮಣ್ಣು ನೀರು ಕುಡಿದು ನಿಂತಿರುವಾಗ ಖಾಲಿ ಸಂಪನ್ನು ನೆಲದ ನೀರು ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ತಳ ಬಿರುಕು ಬಿಡುತ್ತದೆ. ಪ್ಲಾಸ್ಟಿಕ್ ಟ್ಯಾಂಕ್ ಹೂತಿದ್ದರೆ ಎದ್ದೇ ಬರಬಹುದು. ಸುತ್ತಲಿನ ನೀರು ಇಳಿಯುವವರೆಗೆ ಅದು ತುಂಬಿಯೇ ಇರಲಿ, ತೊಳೆಯುವುದು ಆಮೇಲೆ.

## ಒಣಗಿಸುವುದು

ಮನೆ ಪೂರ್ತಿ ಒಣಗೋಕೆ ಎಷ್ಟು ದಿನ ಬೇಕು?

ನೆಲಕ್ಕೆ ಕೆಲವು ದಿನ, ಗೋಡೆಗೆ ತಿಂಗಳುಗಟ್ಟಲೆ. ಗೋಡೆ ಒಂದು ಅಂಗುಲ ದಪ್ಪ ಒಣಗಲು ಸುಮಾರು ಒಂದು ತಿಂಗಳು ಎನ್ನುವುದು ಕಟ್ಟಡದವರ ಅಂದಾಜು. ಒಂಬತ್ತಿಂಚಿನ ಇಟ್ಟಿಗೆ ಗೋಡೆ ಎರಡೂ ಕಡೆಯಿಂದ ಗಾಳಿ ಕುಡಿದರೂ ನಾಲ್ಕೈದು ತಿಂಗಳು ತೆಗೆದುಕೊಳ್ಳುತ್ತದೆ. ಮೇಲ್ಮೈ ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ಹಸಿ ಹಾಗೇ ಇರುತ್ತದೆ. ‘ಗೌರಿ ಹಬ್ಬಕ್ಕೆ ನೀರು ಬಂತು, ದೀಪಾವಳಿಗೆ ಪೇಂಟ್ ಮಾಡಿಸ್ತೀವಿ’ ಎನ್ನುವವರಿಗೆ ನಾನು ಹೇಳುವುದು, ಯುಗಾದಿಗೆ ಮಾಡಿಸಿ ಎಂದು.

ಮರಗಳ ನೆರಳಿನ ಮನೆಗೆ ಇನ್ನೂ ಹೆಚ್ಚು ಹೊತ್ತು ಬೇಕು. ಬಿಸಿಲು ಬೀಳದ ಉತ್ತರದ ಗೋಡೆ ಕೊನೆಗೆ ಒಣಗುತ್ತದೆ. ಆ ಗೋಡೆಗೆ ತಾಗಿಸಿದ ಬೀರು, ಮಂಚ, ಸೋಫಾ ಎಲ್ಲವನ್ನೂ ಒಂದು ಅಡಿ ಈಚೆಗೆ ಎಳೆಯಿರಿ. ಹೊರಗಡೆ ಗೋಡೆಗೆ ಒತ್ತಿಕೊಂಡ ದಾಸವಾಳ, ಕ್ರೋಟನ್, ಬಳ್ಳಿಗಳನ್ನು ಸವರಿಬಿಡಿ. ನಮ್ಮ ಕಡೆ ಒಂದು ಅನುಕೂಲವಿದೆ: ಆಷಾಢದ ಗಾಳಿ. ಮಳೆ ಹನಿಯದ ಹೊತ್ತಿನಲ್ಲಿ ಎದುರುಬದುರು ಕಿಟಕಿ ತೆಗೆದಿಟ್ಟರೆ ಅದರಷ್ಟು ಚೆನ್ನಾಗಿ ಒಣಗಿಸುವ ಯಂತ್ರ ಇಲ್ಲ. ಮಳೆ ಜಡಿಯುವಾಗ ಮಾತ್ರ ಕಿಟಕಿ ಮುಚ್ಚಿ ಫ್ಯಾನ್ ಹಾಕಿ, ಇಲ್ಲದಿದ್ದರೆ ಹೊರಗಿನ ತೇವವನ್ನೇ ಒಳಗೆ ಕರೆದಂತೆ. ನಿಲ್ಲಿಸುವ ಫ್ಯಾನನ್ನು ಗೋಡೆಗೆ ನೇರವಾಗಿ ಇಡುವ ಬದಲು ಗೋಡೆಯ ಉದ್ದಕ್ಕೂ ಗಾಳಿ ಸವರಿಕೊಂಡು ಹೋಗುವಂತೆ ಓರೆಯಾಗಿಡಿ.

ಕೆಂಡದ ಒಲೆ ಇಟ್ಟು ಬಾಗಿಲು ಹಾಕಿದ್ರೆ ಬೇಗ ಒಣಗಲ್ವಾ?

ಬೇಡವೇ ಬೇಡ. ಮುಚ್ಚಿದ ಕೋಣೆಯ ಕೆಂಡ ಮಲಗಿದವರನ್ನು ಮಲಗಿದಲ್ಲೇ ಕೊಲ್ಲುತ್ತದೆ. ಅಲ್ಲದೆ, ತೇವ ಆಚೆ ಹೋಗಲು ದಾರಿಯೇ ಇಲ್ಲದ ಮೇಲೆ ಶಾಖ ಕೊಟ್ಟು ಏನು ಪ್ರಯೋಜನ?

ಗೋಡೆ ಮೇಲೆ ಕಪ್ಪಗೆ ಬೂಷ್ಟು. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದ್ರೂ ಮತ್ತೆ ಬರ್ತಿದೆ.

ಬೂಷ್ಟಿಗೆ ಬೇಕಾದ ತೇವ ಗೋಡೆಯೊಳಗೇ ಇರುವಾಗ ಮೇಲೆ ತಿಕ್ಕಿ ಫಲವಿಲ್ಲ. ನೆಂದ ಜಾಗದಲ್ಲಿ ಒಂದೆರಡು ದಿನದಲ್ಲೇ ಅದು ಬೇರೂರಲು ಶುರು ಮಾಡುತ್ತದೆ. ಬ್ಲೀಚಿಂಗ್ ಟೈಲ್ಸ್, ಗಾಜಿನ ಮೇಲೆ ಕೆಲಸ ಮಾಡುತ್ತದೆ. ಗಾರೆ, ಮರ, ಪ್ಲೈವುಡ್‌ನಲ್ಲಿ ಮೇಲಿನ ಬಣ್ಣ ಹೋಗುತ್ತದೆ, ಒಳಗಿನ ಬೇರು ಉಳಿಯುತ್ತದೆ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ. ಉಬ್ಬಿದ ಪುಟ್ಟಿ, ಪೇಂಟನ್ನು ಇಟ್ಟಿಗೆ ಕಾಣುವವರೆಗೆ ಕೆತ್ತಿ ತೆಗೆದರೆ ಗೋಡೆ ಉಸಿರಾಡುತ್ತದೆ, ಬೂಷ್ಟು ತಾನಾಗಿ ಸೋಲುತ್ತದೆ. ಕೆತ್ತುವಾಗ ಎನ್95 ಮಾಸ್ಕ್ ಇರಲಿ. ಮನೆಯಲ್ಲಿ ಉಬ್ಬಸದವರಿದ್ದರೆ ಆ ಕೆಲಸ ಮುಗಿಯುವವರೆಗೆ ನೆಂಟರ ಮನೆಗೆ ಕಳಿಸಿ.

ಬ್ಲೀಚಿಂಗ್ ಜತೆ ಬಾತ್‌ರೂಮ್ ತೊಳೆಯುವ ಆಸಿಡ್ ಬೆರೆಸಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತದೆ. ಎರಡೂ ಹಾಕಿದರೆ ಎರಡರಷ್ಟು ಸ್ವಚ್ಛ ಎಂದು ನಂಬಿದವರು ಬಹಳ ಜನ ಇದ್ದಾರೆ.

ಹಲಸಿನ ಮರದ ಬಾಗಿಲು ಊದ್ಕೊಂಡು ಮುಚ್ತಾನೇ ಇಲ್ಲ. ಆಚಾರಿ ಕರೆಸಿ ಕೀಸಿಸಿಬಿಡಲಾ?

ತಡೆಯಿರಿ. ಈಗ ಕೀಸಿದರೆ ಬೇಸಿಗೆಯಲ್ಲಿ ಬಾಗಿಲಿಗೂ ಚೌಕಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದು ಬೀಳುತ್ತದೆ. ಹಲಸು, ತೇಗ, ಹೊನ್ನೆ ಒಣಗಿದಾಗ ಬಹುಪಾಲು ಮೊದಲಿನ ಅಳತೆಗೇ ಬರುತ್ತವೆ. ಬಾಗಿಲನ್ನು ಕೀಲಿನಿಂದ ಬಿಡಿಸಿ ನೆರಳಿನಲ್ಲಿ ಮೂರು ಕಡೆ ಮರದ ತುಂಡು ಕೊಟ್ಟು ಮಟ್ಟಸವಾಗಿ ಮಲಗಿಸಿ. ಬಿಸಿಲಿಗೆ ಹಾಕಿದರೆ ಸೊಟ್ಟಗಾಗಿ ಸೀಳುತ್ತದೆ. ಆಚಾರಿಯ ಹತ್ತಿರ ಅಥವಾ ಟಿಂಬರ್ ಡಿಪೋದಲ್ಲಿ ತೇವ ಅಳೆಯುವ ಮೀಟರ್ ಸಿಕ್ಕರೆ ಚುಚ್ಚಿ ನೋಡಿ. ಶೇ 20ಕ್ಕಿಂತ ಕೆಳಗಿಳಿದರೆ ಕೊಳೆಯುವ ಭಯ ಇಲ್ಲ.

ವಾರ್ಡ್‌ರೋಬು, ಹಾಸಿಗೆ, ಫ್ರಿಜ್ಜು... ಯಾವುದು ಉಳಿಯುತ್ತೆ, ಯಾವುದು ಹೋಯ್ತು?

ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಒಮ್ಮೆ ಊದಿದರೆ ಮುಗಿಯಿತು. ಕಮರ್ಷಿಯಲ್ ಪ್ಲೈ ಪದರ ಬಿಡುತ್ತದೆ. ಕುದಿನೀರಿಗೂ ತಡೆಯುವ, 710 ಗುರುತಿನ ಬಿಡಬ್ಲ್ಯುಪಿ ಪ್ಲೈ ಸಾಮಾನ್ಯವಾಗಿ ಉಳಿಯುತ್ತದೆ, ಲ್ಯಾಮಿನೇಟ್ ಅಂಚು ಬಿಟ್ಟಿದ್ದರೆ ಮತ್ತೆ ಅಂಟಿಸಬಹುದು. ಸ್ಟೀಲ್ ಬೀರು ತೊಳೆದು ಒಳಮೂಲೆಗಳಿಗೆ ರೆಡ್ ಆಕ್ಸೈಡ್ ಹೊಡೆಸಿ. ಪಿಒಪಿ ಸೀಲಿಂಗ್ ನೀರು ಹಿಡಿದು ಜೋಲುತ್ತಿದ್ದರೆ ಕೆಳಗೆ ನಿಲ್ಲಬೇಡಿ, ಹೊರಗಿನಿಂದ ಕೋಲಿನಲ್ಲಿ ತಿವಿದು ನೀರು ಇಳಿಸಿ. ಫ್ರಿಜ್, ಮಿಕ್ಸಿ, ಪಂಪಿನ ಮೋಟಾರು ಹೊರಗಿನಿಂದ ಒಣಗಿದಂತೆ ಕಂಡರೂ ಸ್ವಿಚ್ ಹಾಕಬೇಡಿ. ಮೋಟಾರು ಬಿಚ್ಚಿ ಒಣಗಿಸಿ ಇನ್ಸುಲೇಷನ್ ನೋಡಿದರೆ ಉಳಿಯಬಹುದು, ಆತುರಕ್ಕೆ ಹಾಕಿ ನೋಡಿದರೆ ಕಾಯಿಲ್ ಸುಟ್ಟು ರಿವೈಂಡಿಂಗ್ ಖರ್ಚು.

ಕ್ರಯಪತ್ರ, ಹಳೇ ಪಹಣಿ, ಮಕ್ಕಳ ಮಾರ್ಕ್ಸ್‌ಕಾರ್ಡ್ ಎಲ್ಲಾ ನೆಂದಿದೆ.

ಇಸ್ತ್ರಿ ಮಾಡಬೇಡಿ, ಬಿಸಿಲಿಗೆ ಹರಡಬೇಡಿ. ಅಂಟಿಕೊಂಡ ಹಾಳೆ ಎಳೆಯಬೇಡಿ. ಹಾಳೆ ಹಾಳೆಯ ನಡುವೆ ಅಚ್ಚಿಲ್ಲದ ಬಿಳಿ ಕಾಗದ ಇಟ್ಟು, ಗಂಟೆಗೊಮ್ಮೆ ಬದಲಿಸುತ್ತ ಫ್ಯಾನಿನ ಗಾಳಿಯಲ್ಲಿ ಒಣಗಿಸಿ. ಕಟ್ಟು ದೊಡ್ಡದಿದ್ದು ಈಗಲೇ ಕೂರಲು ಪುರುಸೊತ್ತಿಲ್ಲದಿದ್ದರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನೆರೆಮನೆಯ ಫ್ರೀಜರಿನಲ್ಲಿಡಿ. ಅಲ್ಲಿರುವಷ್ಟು ದಿನ ಬೂಷ್ಟು ಬೆಳೆಯುವುದಿಲ್ಲ. ಪಹಣಿ ಭೂಮಿ ತಂತ್ರಾಂಶದಲ್ಲಿ ಸಿಗುತ್ತದೆ, ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಾಧಿಕಾರಿ ಕಚೇರಿಯಲ್ಲಿ.

ತೆರೆದ ಬಾವಿಗೆ ಹೊಳೆ ನೀರು ಸೇರ್ಕೊಂಡಿದೆ. ಎಷ್ಟು ಬ್ಲೀಚಿಂಗ್ ಹಾಕ್ಲಿ?

ಮೊದಲು ಕೆಸರುನೀರು ಎತ್ತಿ ಹಾಕಿ, ಗೋಡೆ ತಿಕ್ಕಿ. ರಾಡಿ ನೀರಿಗೆ ಹಾಕಿದ ಕ್ಲೋರಿನ್ ರಾಡಿಗೇ ಖರ್ಚಾಗುತ್ತದೆ. ಇಲ್ಲೂ ಒಂದೇ ಸಲಕ್ಕೆ ತಳ ಕಾಣುವಂತೆ ಎತ್ತಿದರೆ ನೆಂದ ದಡ ಕುಸಿಯಬಹುದು, ಸ್ವಲ್ಪ ಸ್ವಲ್ಪವೇ ಎತ್ತಿ.

ತಿಳಿಯಾದ ಮೇಲೆ ಲೆಕ್ಕ ಹೀಗೆ: ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ. ಹತ್ತಡಿ ಅಗಲದ ದುಂಡು ಬಾವಿಯಲ್ಲಿ ಹತ್ತಡಿ ನೀರಿದ್ದರೆ ಅದು ಸುಮಾರು 22,000 ಲೀಟರ್, ಅಂದರೆ 55 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗದಲ್ಲಿ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಬಿಟ್ಟು ಆರೋಗ್ಯ ಕೇಂದ್ರದವರಿಂದ ಕ್ಲೋರಿನ್ ನೋಡಿಸಿ, ಲೀಟರಿಗೆ 0.5 ಮಿಲಿಗ್ರಾಂ ಉಳಿದಿದ್ದರೆ ಸರಿ, ಇಲ್ಲದಿದ್ದರೆ ಮತ್ತೊಮ್ಮೆ. ಹಳೇ ಪೊಟ್ಟಣದ ಪೌಡರಿಗೆ ಸತ್ವ ಇರುವುದಿಲ್ಲ. ಕುಡಿಯುವ ನೀರನ್ನು ಇನ್ನೂ ಕೆಲವು ವಾರ ಕುದಿಸಿಯೇ ಕುಡಿಯಿರಿ.

## ನೀರು ಎಲ್ಲಿಂದ ಬಂತು?

ನಮ್ಮೂರಲ್ಲಿ ಮಳೇನೇ ಇಲ್ಲ, ಆದ್ರೂ ಮನೆಗೆ ನೀರು ಬಂತಲ್ಲ?

ಮೈಸೂರು, ಮಂಡ್ಯ ಈ ನಮ್ಮ ಎರಡು ಜಿಲ್ಲೆಯಲ್ಲಿ ನೀರು ಮನೆಗೆ ಬರುವ ದಾರಿ ಮೂರು, ಮೂರಕ್ಕೂ ಬೇರೆ ಬೇರೆ ತಿಂಗಳು. ಇದನ್ನು ತಿಳಿಯದೆ ರಿಪೇರಿ ಮಾಡಿಸುವುದು ದಂಡ.

ಒಂದು, ಹೊಳೆ. ಜುಲೈ-ಆಗಸ್ಟಿನಲ್ಲಿ ಮಳೆ ಸುರಿಯುವುದು ವಯನಾಡಿನಲ್ಲಿ, ಕೊಡಗಿನಲ್ಲಿ. ತುಂಬುವುದು ಕಬಿನಿ, ಕೆಆರ್‌ಎಸ್ ಅಣೆಕಟ್ಟು. ಮುಳುಗುವುದು ನಂಜನಗೂಡು, ಶ್ರೀರಂಗಪಟ್ಟಣದ ದಡದ ತೋಟಗಳು. 2019ರ ಆಗಸ್ಟಿನಲ್ಲಿ ಮಲ್ಲನಮೂಲೆ ಹತ್ತಿರ ಮೈಸೂರು-ನಂಜನಗೂಡು ಹೆದ್ದಾರಿಯ ಮೇಲೇ ಕಪಿಲೆ, ಅಂದರೆ ಕಬಿನಿ ಹೊಳೆ, ಹರಿದದ್ದನ್ನು ಈ ಕಡೆಯವರು ಮರೆತಿಲ್ಲ. ಕೆಆರ್‌ಎಸ್ ತನ್ನ ಭರ್ತಿ ಮಟ್ಟವಾದ 124.80 ಅಡಿಗೆ ಹತ್ತಿರವಾಗಿ, ಒಳಹರಿವು ಜೋರಾಗಿದೆ ಎಂಬ ಸುದ್ದಿ ಓದಿದ ದಿನವೇ ದಡದ ಮನೆಯವರು ಸಾಮಾನು ಅಟ್ಟಕ್ಕೆ ಏರಿಸಬೇಕು.

ಎರಡು, ನಮ್ಮದೇ ಮಳೆ. ಮೈಸೂರು, ಮಂಡ್ಯಕ್ಕೆ ಜೋರು ಮಳೆ ಮೇ ತಿಂಗಳಲ್ಲಿ, ಆಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಮೇ ಮಳೆ ಗಾಳಿಯ ಜತೆ ಬರುತ್ತದೆ, ಕೊಂಬೆ ಮುರಿದು ಹೆಂಚು ಒಡೆಯುತ್ತದೆ. ಅಕ್ಟೋಬರಿನದು ನಿಂತು ಸುರಿದು ತಾರಸಿ, ಗೋಡೆಗಳನ್ನು ಹಿಡಿಯುತ್ತದೆ.

ಮೂರು, ಕಾಲುವೆ. ಇದು ಸದ್ದಿಲ್ಲದ ಕಳ್ಳ. ವಿಶ್ವೇಶ್ವರಯ್ಯ ನಾಲೆ, ವರುಣಾ ನಾಲೆಯ ಕೆಳಗಿನ ತೋಟಗಳಲ್ಲಿ ನೀರು ಬಿಟ್ಟ ಕೆಲವೇ ವಾರದಲ್ಲಿ ನೆಲದಡಿಯ ನೀರು ಏರುತ್ತದೆ. ಪಕ್ಕದವರು ಭತ್ತಕ್ಕೆ ನೀರು ಕಟ್ಟಿದರೂ ಸಾಕು. ಮಳೆ ಹನಿಯದಿದ್ದರೂ ಗೋಡೆಯ ಬುಡ ಒದ್ದೆ. ನಾಲೆ ನಿಲ್ಲಿಸಿದ ತಿಂಗಳಲ್ಲಿ ಗೋಡೆ ಒಣಗಲು ಶುರುವಾದರೆ ಕಾರಣ ಅದೇ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ನೋಡಿ.

ಎಲೆ ಉದುರೋದು ಇದ್ದಿದ್ದೇ. ಅದರಿಂದ ಮನೆ ಸೋರುತ್ತಾ?

ತೋಟದ ಹೆಂಚಿನ ಮನೆ ಸೋರುವುದಕ್ಕೆ ನಾನು ಕಂಡಂತೆ ಮೊದಲ ಕಾರಣವೇ ಅದು. ಎರಡು ಇಳಿಜಾರು ಕೂಡುವ ಕಡೆ ಇರುವ ತಗಡಿನ ದೋಣಿಗೆ ಏಣಿ ಹಾಕಿ ಕೈಯಾಡಿಸಿ. ಮೇಲೆ ಒಣ ಹಲಸಿನೆಲೆ, ಅದರಡಿ ಕಪ್ಪು ಗೊಬ್ಬರ, ಇನ್ನೂ ಅಡಿಯಲ್ಲಿ ಎರೆಹುಳ, ಜತೆಗೆ ಹಕ್ಕಿ ಹಾಕಿದ ಅರಳಿ ಸಸಿಯೊಂದು ತಗಡಿನ ತೂತಿಗೆ ಬೇರು ಇಳಿಸಿ ನಿಂತಿರುತ್ತದೆ. ನೀರು ಆ ಗೊಬ್ಬರ ದಾಟಲಾರದೆ ಪಕ್ಕದ ಹೆಂಚಿನಡಿ ನುಗ್ಗಿ ರೀಪಿನ ಉದ್ದಕ್ಕೂ ಓಡಿ ಮೂರು ಅಂಕಣ ಆಚೆ ತೊಟ್ಟಿಕ್ಕುತ್ತದೆ. ಮನೆಯವರು ತೊಟ್ಟಿಕ್ಕುವ ಕಡೆ ಹೆಂಚು ಬದಲಿಸುತ್ತಾರೆ, ಮತ್ತೆ ಸೋರುತ್ತದೆ, ‘ಈಗಿನ ಹೆಂಚು ಸರಿಯಿಲ್ಲ’ ಎನ್ನುತ್ತಾರೆ.

ಏಪ್ರಿಲ್ ಕೊನೆಯಲ್ಲಿ ಒಮ್ಮೆ, ಆಗಸ್ಟ್ ಕೊನೆಯಲ್ಲಿ ಒಮ್ಮೆ ದೋಣಿ ತೆಗೆದು ತೊಳೆಸಿ. ಕೋತಿ ಕಾಟ ಇರುವ ಕಡೆ ಸರಿದ ಹೆಂಚುಗಳನ್ನೂ ಆಗಲೇ ಕೂರಿಸಿ. ಕಾಡಂಚಿನ ಊರುಗಳಲ್ಲಿ ಮಳೆಗಿಂತ ಕೋತಿಯೇ ಹೆಚ್ಚು ಮನೆ ಸೋರಿಸುತ್ತದೆ. ಪಾಚಿ ಕೆರೆಯಲು ತಂತಿ ಬ್ರಷ್, ಜೋರು ನೀರಿನ ಮಷೀನು ಬೇಡ, ಹೆಂಚಿನ ಮೇಲ್ಪದರ ಹೋಗುತ್ತದೆ. ತೆಂಗಿನಕಾಯಿ ಬಿದ್ದು ಒಡೆದ ಸಿಮೆಂಟ್ ಶೀಟಾದರೆ ಕುಯ್ಯಬೇಡಿ, ತೂತು ಕೊರೆಯಬೇಡಿ. ಹಳೆಯವುಗಳಲ್ಲಿ ಕಲ್ನಾರು ಇರುತ್ತದೆ. ನೀರು ಹಾಕಿ ಒದ್ದೆ ಮಾಡಿ ಇಡಿಯಾಗಿ ಇಳಿಸಿ.

ಮನೆ ಪಕ್ಕದ ಮರ ಎಲ್ಲಾ ಕಡಿಸಿಬಿಡೋಣ ಅಂತಾರೆ ನಮ್ಮ ಯಜಮಾನ್ರು. ಸರೀನಾ?

ಎಲ್ಲವನ್ನೂ ಕಡಿಸುವುದು ತಪ್ಪು. ದೊಡ್ಡ ಮರ ದಿನವೂ ನೆಲದ ನೀರು ಎಳೆದು ಗಾಳಿಗೆ ಬಿಡುತ್ತದೆ, ಕಡಿದ ಮೇಲೆ ಆ ನೀರು ನಿಮ್ಮ ಪಾಯದ ಬಳಿ ನಿಲ್ಲುತ್ತದೆ. ಎರೆಮಣ್ಣಿನಲ್ಲಿ ಮನೆ ಇದ್ದರೆ ಇನ್ನೂ ಜೋಪಾನ, ದೊಡ್ಡ ಮರ ಹೋದ ಮೇಲೆ ಮಣ್ಣು ಉಬ್ಬಿ ಗೋಡೆ ಬಿರಿಯಬಹುದು. ಸೂರಿನ ಮೇಲೆ ಚಾಚಿದ ಕೊಂಬೆ, ಒಣಗಿದ ಕೊಂಬೆ, ಬುಡದಲ್ಲಿ ಅಣಬೆ ಎದ್ದ ಮರ, ಮನೆ ಕಡೆ ವಾಲಿ ಬೇರಿನ ಹಿಂದೆ ನೆಲ ಬಿರಿದ ಮರ ಇವಿಷ್ಟನ್ನು ತೆಗೆಸಿ. ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳಿ, ಅತ್ತಿ, ಗೋಣಿ ಸಸಿಗಳನ್ನು ಎರಡೆಲೆ ಇರುವಾಗಲೇ ಕೀಳಿ.

ಕಡಿಯುವ ಮುನ್ನ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆಗೆ ವಿನಾಯಿತಿ ಇದೆ. ಹೊಲ ನಮ್ಮದು, ಮರ ನಮ್ಮದು ಎಂದು ತೇಗಕ್ಕೋ ಬೀಟೆಗೋ ಗರಗಸ ಇಟ್ಟರೆ ಕೇಸು.

ಗೋಡೆ ಕೆಳಗೆ ಉಪ್ಪು ಉದುರ್ತಿದೆ. ವಾಟರ್‌ಪ್ರೂಫ್ ಪೇಂಟ್ ಎರಡು ಸಲ ಹೊಡೆಸಿದ್ರೂ ಎದ್ದು ಬರ್ತಿದೆ.

ಪೇಂಟ್ ನೀರನ್ನು ತಡೆಯಲಿಲ್ಲ, ನೀರು ಹೊರಹೋಗುವ ದಾರಿಯನ್ನು ತಡೆಯಿತು. ನೆಲದ ನೀರು ಇಟ್ಟಿಗೆಯಲ್ಲಿ ಮೇಲೇರುತ್ತದೆ, ಮೇಲ್ಮೈಯಲ್ಲಿ ಆರುತ್ತದೆ, ಜತೆಗೆ ತಂದ ಉಪ್ಪನ್ನು ಅಲ್ಲೇ ಬಿಡುತ್ತದೆ. ನೀವು ಎರಡಡಿಯವರೆಗೆ ಮುಚ್ಚಿದರೆ ನೀರು ಮೂರಡಿಗೆ ಏರಿ ಅಲ್ಲಿ ಆರುತ್ತದೆ. ಕೆಳಗೆ ಟೈಲ್ಸ್ ಅಂಟಿಸಿದವರ ಮನೆಯಲ್ಲೂ ಅದೇ ಕಥೆ, ಟೈಲ್ಸಿನ ಮೇಲಂಚಿನಿಂದ ಶುರು.

ಮೊದಲು ಇದು ಒಳಗಿನ ತೇವವೋ ಹೊರಗಿನ ಗಾಳಿಯದೋ ಗೊತ್ತುಮಾಡಿಕೊಳ್ಳಿ. ಪೇಂಟ್ ಕೆತ್ತಿದ ಜಾಗಕ್ಕೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಗಟ್ಟಿ ಟೇಪ್ ಹಾಕಿ ಎರಡು ದಿನ ಬಿಡಿ. ಹಾಳೆಯ ಹಿಂಬದಿ, ಗೋಡೆಯ ಕಡೆ ಹನಿಗಟ್ಟಿದರೆ ನೀರು ಗೋಡೆಯೊಳಗಿನದು. ಮುಂಬದಿಯಲ್ಲಿ ಹನಿ ಇದ್ದರೆ ಅಡುಗೆ, ಸ್ನಾನದ ಹಬೆ. ಅದಕ್ಕೆ ಕಿಟಕಿ, ಎಗ್ಸಾಸ್ಟ್ ಸಾಕು. ಇದನ್ನು ನೆಲದಿಂದ ಒಂದಡಿ, ಮೂರಡಿ, ಐದಡಿ ಎತ್ತರದಲ್ಲಿ ಮೂರು ಕಡೆ ಮಾಡಿ. ಕೆಳಗಿನದರಲ್ಲಿ ಮಾತ್ರ ಹಿಂಬದಿ ಒದ್ದೆಯಾದರೆ ನೆಲದಿಂದ ಏರುತ್ತಿದೆ. ಮೂರರಲ್ಲೂ ಒದ್ದೆಯಾದರೆ ಮೇಲಿನ ಸೋರಿಕೆಯನ್ನೋ ಗೋಡೆಯೊಳಗಿನ ಪೈಪನ್ನೋ ಹುಡುಕಿ.

ನೆಲದಿಂದ ಏರುವುದೇ ಆದರೆ ಹೊರಗಿನ ಮಣ್ಣು ಎಷ್ಟೆತ್ತರ ಇದೆ ನೋಡಿ. ವರ್ಷ ವರ್ಷ ಎಲೆ, ಗೊಬ್ಬರ, ಮಣ್ಣು ಸೇರಿ ಅಂಗಳ ಏರಿ, ನೆಲದ ತೇವ ಗೋಡೆಗೆ ಏರದಂತೆ ಪಾಯದ ಮೇಲೆ ಹಾಕಿದ ಡಿಪಿಸಿ ಪಟ್ಟಿ ಮಣ್ಣಿನಡಿ ಹೂತುಹೋಗಿರುತ್ತದೆ. ಆ ಮಣ್ಣು ತೆಗೆದು ಪಟ್ಟಿಗಿಂತ ಆರಿಂಚು ಕೆಳಗಿಳಿಸಿದರೆ ಅರ್ಧ ಮನೆಗಳ ರೋಗ ಅಲ್ಲಿಗೇ ವಾಸಿ, ಅದಕ್ಕೆ ಖರ್ಚು ಎರಡಾಳಿನ ಕೂಲಿ. ಪಟ್ಟಿಯೇ ಇಲ್ಲದ ಹಳೇ ಗೋಡೆಗೆ ಸಾಲಾಗಿ ತೂತು ಕೊರೆದು, ನೀರು ಮೇಲೇರದಂತೆ ತಡೆಯುವ ಸಿಲೇನ್ ಕ್ರೀಮ್ ತುಂಬುವ ವಿಧಾನ ಇದೆ. ಇಟ್ಟಿಗೆ ಗೋಡೆಗೆ ಆಗುತ್ತದೆ, ಕಲ್ಲು-ಮಣ್ಣಿನ ದಪ್ಪ ಗೋಡೆಗೆ ದುಡ್ಡು ದಂಡ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉದುರಿಸಿ, ಒದ್ದೆಬಟ್ಟೆಯಲ್ಲಿ ಒರೆಸಿದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ. ಮತ್ತೆ ಗಾರೆ ಮಾಡಿಸುವಾಗ ಸಿಮೆಂಟ್ ಬದಲು ಸುಣ್ಣದ ಗಾರೆ, ಮೇಲೆ ಸುಣ್ಣ. ಪೇಂಟರ್ ಒಪ್ಪುವುದಿಲ್ಲ, ಪುಟ್ಟಿ ಹಾಕದೆ ಫಿನಿಷಿಂಗ್ ಬರಲ್ಲ ಅಂತಾರೆ. ಅವರು ಹೇಳುವುದೂ ನಿಜ, ಆದರೆ ಗೋಡೆ ನಿಮ್ಮದು.

ತಾತನ ಕಾಲದ ಮಣ್ಣಿನ ಗೋಡೆ. ಬಿದ್ದುಹೋಗುತ್ತಾ?

ಗೋಡೆಯ ಬುಡ ಹೊರಕ್ಕೆ ಉಬ್ಬಿದ್ದರೆ, ತೊಲೆ ಕೂತ ಜಾಗದಿಂದ ಕೆಳಕ್ಕೆ ಬಿರುಕು ಇಳಿದಿದ್ದರೆ, ಬಾಗಿಲ ಚೌಕಟ್ಟು ಓರೆಯಾಗಿದ್ದರೆ ಆ ಕೋಣೆಯಲ್ಲಿ ಮಲಗಬೇಡಿ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಬೀಳದೆ, ನೀರು ಇಳಿದ ಮೂರ್ನಾಲ್ಕು ದಿನದ ಮೇಲೆ ಬೀಳುವುದೂ ಉಂಟು. ತೊಲೆಗೆ ಸರ್ವೆ ಕಂಬದ ಊರೆ ಕೊಡಿಸಿ. ಬಿರುಕಿಗೆ ಸಿಮೆಂಟ್ ತುಂಬಿಸಬೇಡಿ, ಸಿಮೆಂಟ್ ಮಣ್ಣಿಗೆ ಕಚ್ಚುವುದಿಲ್ಲ. ಅದೇ ಮಣ್ಣು, ಹುಲ್ಲು, ಸುಣ್ಣ ಕಲಸಿ ತುಂಬಿಸಿ.

ಮಳೆ ಆದ್ಮೇಲೆ ಚೌಕಟ್ಟಿಗೆ ಗೆದ್ದಲು ಹತ್ತಿದೆ.

ತೇವವಾದ ಮರ ಗೆದ್ದಲಿಗೆ ಔತಣ. ಮಣ್ಣಿನ ಗೂಡನ್ನು ಒರೆಸಿ ಸೀಮೆಎಣ್ಣೆ ಹಚ್ಚಿದರೆ ಅದು ಪಕ್ಕದ ದಾರಿ ಹಿಡಿಯುತ್ತದೆ. ಗೋಡೆಗೆ ಒರಗಿಸಿದ ಸೌದೆ, ತೆಂಗಿನಗರಿ, ಹಳೇ ರೀಪುಗಳನ್ನು ದೂರ ಹಾಕಿ, ಆಮೇಲೆ ಔಷಧಿ ಹಾಕುವವರನ್ನು ಕರೆಸಿ. ಬಾವಿಯೋ ಬೋರ್‌ವೆಲ್ಲೋ ಹತ್ತಿರವಿದ್ದರೆ ಅವರಿಗೆ ಮೊದಲೇ ಹೇಳಿ.

ಮನೆ ಸುತ್ತ ನೀರು ಹೋಗೋಕೆ ದಾರಿ ಹೇಗೆ ಮಾಡಿಸೋದು?

ಜೋರು ಮಳೆಯಲ್ಲಿ ಛತ್ರಿ ಹಿಡಿದು ಮನೆ ಸುತ್ತ ಒಮ್ಮೆ ನಡೆಯಿರಿ. ಎಂಜಿನಿಯರ್ ನಕ್ಷೆಗಿಂತ ಆ ಸುತ್ತು ಹೆಚ್ಚು ಹೇಳುತ್ತದೆ: ಇಳಿಜಾರಿನಿಂದ ನೀರು ಯಾವ ಮೂಲೆಗೆ ಬಡಿಯುತ್ತದೆ, ಸೂರಿನ ನೀರು ಎಲ್ಲಿ ಗುಂಡಿ ತೋಡಿದೆ, ಹೆಗ್ಗಣದ ಬಿಲದಲ್ಲಿ ಎಷ್ಟು ಇಳಿಯುತ್ತದೆ. ಮೇಲಿನಿಂದ ಬರುವ ನೀರನ್ನು ಮನೆಗೆ ಇಪ್ಪತ್ತಡಿ ಮುಂಚೆಯೇ ಅಡ್ಡಗಾಲುವೆಯಲ್ಲಿ ತಿರುಗಿಸಿ. ಗೋಡೆಯ ಸುತ್ತ ಮೂರಡಿ ಅಗಲ ಹೊರಕ್ಕೆ ವಾಟ ಕೊಟ್ಟು ಕಲ್ಲು ಹಾಸಿ. ಅಲ್ಲೂ ನೀರು ನಿಂತರೆ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ತೂತಿನ ಪೈಪ್ ಇಟ್ಟು, ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಿ ದಪ್ಪ ಜಲ್ಲಿ ತುಂಬಿಸಿ. ಬಟ್ಟೆ ಬಿಟ್ಟರೆ ಎರಡೇ ವರ್ಷದಲ್ಲಿ ಬೇರು, ಮಣ್ಣು ಸೇರಿ ಮುಚ್ಚುತ್ತದೆ. ಇಂಗುಗುಂಡಿ ಒಳ್ಳೆಯದೇ, ಆದರೆ ಪಾಯದಿಂದ ಹತ್ತಡಿಗಿಂತ ದೂರ ಇರಲಿ, ಮನೆಗಿಂತ ತಗ್ಗಿನಲ್ಲಿರಲಿ.

ಮಳೆ ಬಂದ್ರೆ ಕಕ್ಕಸು ಉಕ್ಕಿ ಬಾತ್‌ರೂಮಿಗೇ ಬರುತ್ತೆ.

ಗುಂಡಿ ತುಂಬಿದೆ ಎಂದು ಗಾಡಿ ಕರೆಸಿ ಎಳೆಸುತ್ತಾರೆ, ಮರುದಿನ ಮತ್ತೆ ತುಂಬುತ್ತದೆ. ಸುತ್ತಲ ನೆಲವೇ ನೀರಿನಿಂದ ತುಂಬಿರುವಾಗ ಗುಂಡಿಯ ನೀರು ಇಂಗುವುದೆಲ್ಲಿಗೆ? ನೆಲದ ನೀರೇ ಗುಂಡಿಗೆ ಬರುತ್ತಿರುತ್ತದೆ. ಮಳೆ ನಿಂತ ಮೇಲೂ ಉಕ್ಕಿದರೆ ಪೈಪಿನ ಕೂಡಿಕೆಯಲ್ಲಿ ಬೇರು ಹೊಕ್ಕಿದೆ ಎಂದು ನೋಡಿಸಿ. ಶಾಶ್ವತ ಉಪಾಯ: ಎತ್ತರದ ಜಾಗಕ್ಕೆ ಗುಂಡಿ ಬದಲಿಸುವುದು. ಸದ್ಯಕ್ಕೆ: ನೀರು ಹಿಂದೆ ಬರದಂತೆ ತಡೆಯುವ ವಾಲ್ವ್.

## ದುಡ್ಡು, ಕಾಗದ, ಕೆಲಸದವರು

ಸರ್ಕಾರದ ಪರಿಹಾರ ಸಿಗುತ್ತಾ?

ಮಳೆ, ಪ್ರವಾಹದಿಂದ ಆದ ಹಾನಿಗೆ ಸಿಗುತ್ತದೆ. ಗ್ರಾಮ ಆಡಳಿತಾಧಿಕಾರಿಗೆ ಅವತ್ತೇ ತಿಳಿಸಿ, ಅವರು ಬಂದು ಮಹಜರು ಮಾಡುವವರೆಗೆ ಬಿದ್ದ ಗೋಡೆಯ ಅವಶೇಷ ತೆಗೆಯಬೇಡಿ. 2019ರ ಪ್ರವಾಹದ ನಂತರ ಮನೆ ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸುವ ಪದ್ಧತಿ ಬಂತು: ಶೇ 75ಕ್ಕಿಂತ ಹೆಚ್ಚು, 25ರಿಂದ 75, 15ರಿಂದ 25. ಮೊತ್ತ ಆಯಾ ವರ್ಷದ ಆದೇಶದಂತೆ ಬದಲಾಗುತ್ತದೆ. ಯಾವ ದರ್ಜೆಗೆ ಹಾಕಿದ್ದಾರೆ ಎಂದು ಮಹಜರಿಗೆ ಸಹಿ ಹಾಕುವ ಮುಂಚೆ ಕೇಳಿ, ಆಮೇಲೆ ಬದಲಿಸಲು ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆ. ನಾಲೆಯ ಜಿನುಗಿಗೆ ಇದರಡಿ ಏನೂ ಸಿಗುವುದು ಕಷ್ಟ.

ಮನೆಗೆ ವಿಮೆ ಮಾಡಿಸಿದ್ರೆ ಪ್ರಯೋಜನ ಇದೆಯಾ?

ಇದೆ. 2021ರ ಏಪ್ರಿಲ್‌ನಿಂದ ಭಾರತ್ ಗೃಹ ರಕ್ಷಾ ಎಂಬ ಒಂದೇ ಮಾದರಿಯ ಪಾಲಿಸಿಯನ್ನು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತಿವೆ. ಪ್ರವಾಹ, ಬಿರುಗಾಳಿ, ಮರ ಬೀಳುವುದು, ಟ್ಯಾಂಕ್-ಪೈಪ್ ಒಡೆಯುವುದು ಸೇರಿವೆ. ನಿಧಾನವಾಗಿ ಜಿನುಗಿ ಆದ ಹಾನಿ, ಸವೆತ ಸೇರುವುದಿಲ್ಲ. ಅದಕ್ಕೇ ಗಟಾರ, ದೋಣಿ ಶುಚಿ ಮಾಡಿಸಿದ ಫೋಟೊ ಇಟ್ಟುಕೊಳ್ಳಿ. ಸರ್ವೇಯರ್ ಬರುವ ಮೊದಲು ಹಾಳಾದ ಸಾಮಾನು ಬಿಸಾಡಲೇಬೇಕಾದರೆ ಫೋಟೊ, ತುಂಡು ಒಂದು ಉಳಿಸಿ.

ಮೈಸೂರಲ್ಲಿ ಇದನ್ನೆಲ್ಲಾ ಒಟ್ಟಿಗೆ ಮಾಡೋರು ಸಿಗ್ತಾರಾ?

ತೋಟದ ಮನೆವರೆಗೆ ಬಂದು ನೀರೆಳೆಯುವುದರಿಂದ ಬಣ್ಣದವರೆಗೆ ಒಪ್ಪಿಕೊಳ್ಳುವವರನ್ನು ನಾನು ಕಂಡದ್ದು ಕಡಿಮೆ. ಎಲೆಕ್ಟ್ರಿಷಿಯನ್, ಗಾರೆಯವರು, ಆಚಾರಿ, ಪ್ಲಂಬರ್ ಇವರನ್ನು ನೀವೇ ಕೂಡಿಸಬೇಕು. ಕ್ರಮ ಮುಖ್ಯ: ಎಲೆಕ್ಟ್ರಿಷಿಯನ್ ಮೊದಲು, ಪೇಂಟರ್ ಕಟ್ಟಕಡೆಗೆ. ವಾಟರ್‌ಪ್ರೂಫಿಂಗ್ ಕಂಟ್ರಾಕ್ಟರ್ ಬಂದಾಗ ‘ನೀರು ಎಲ್ಲಿಂದ ಬರ್ತಿದೆ ಅಂತೀರಿ?’ ಎಂದು ಕೇಳಿ. ಗೋಡೆ ಮುಟ್ಟುವ ಮೊದಲೇ ಚದರಡಿ ರೇಟು ಹೇಳಿದವರಿಗೆ ಕಾಫಿ ಕೊಟ್ಟು ಕಳಿಸಿ.

ಎರಡು ಮೂರು ವರ್ಷಕ್ಕೊಮ್ಮೆ ಬಂದೇ ಬರುತ್ತೆ ಅಂತಾದ್ರೆ ಮನೆ ಬಿಟ್ಟುಬಿಡೋದೇ ಸರೀನಾ?

ಗೋಡೆಯ ಪೆನ್ಸಿಲ್ ಗೆರೆ ನೋಡಿ. ಎರಡಡಿ ಒಳಗಿದ್ದರೆ ನೀರಿನ ಜತೆ ಬದುಕುವಂತೆ ಮನೆಯನ್ನು ಬದಲಿಸಬಹುದು. ಸ್ವಿಚ್, ಪ್ಲಗ್, ಮೀಟರ್ ಎಲ್ಲ ಗೆರೆಗಿಂತ ಎರಡಡಿ ಮೇಲೆ, ಕರೆಂಟು ಸೋರಿದರೆ ತಾನೇ ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಅಡುಗೆಮನೆಯ ಕೆಳಗಿನ ಕಪಾಟಿಗೆ ಪ್ಲೈ ಬದಲು ಕಡಪ ಕಲ್ಲು, ನೆಲಕ್ಕೆ ಮರದ ಹಾಸಿನ ಬದಲು ರೆಡ್ ಆಕ್ಸೈಡ್. ಕಾಗದಪತ್ರ, ಕಾಳುಕಡ್ಡಿ ಅಟ್ಟದಲ್ಲಿ. ಎದೆಮಟ್ಟಕ್ಕೆ ಬರುವ ಜಾಗವಾದರೆ, ಅದೇ ತೋಟದ ಎತ್ತರದ ಮೂಲೆಯಲ್ಲಿ ಒಂದೇ ಕೋಣೆಯಾದರೂ ಸರಿ ಕಟ್ಟಿಸಿ. ಹಳೇ ಮನೆ ಕೊಬ್ಬರಿ ಒಣಗಿಸಲು, ಗೊಬ್ಬರದ ಮೂಟೆ ಇಡಲು ಇರಲಿ. ಜುಲೈ ಬರುವ ಮುಂಚೆ ಮೂಟೆಗಳನ್ನು ಅಲ್ಲಿಂದಲೂ ಎತ್ತಿಸಬೇಕು.